ತಂಗಿಯ ಪಾಲಿನ ಬಾಡಿಗೆ

ಘಾಟ್ಕೋಪರಿನಲ್ಲೋ ಡೊಂಬಿವಲಿಯಲ್ಲೋ ಅಪ್ಪ ದುಡಿದು ಕೊಂಡ ಫ್ಲ್ಯಾಟಿನ ಬಾಡಿಗೆ ಇಲ್ಲಿರುವ ಅಣ್ಣನ ಜೇಬಿಗೆ. ಊರಿನ ತಂಗಿ ಕೇಳಿದರೆ, "ಮದುವೆಗೆ ಅಷ್ಟು ಚಿನ್ನ ಹಾಕಿಲ್ಲವಾ ಮಾರಾಯ್ತಿ?" ನಾನೂ ಮುಂಬಯಿಯ ಅಣ್ಣನೇ, ಈ ಮಾತನ್ನು ಒಪ್ಪಲಾರೆ. ಉಯಿಲಿಲ್ಲದಿದ್ದರೆ ಅಪ್ಪನ ಸ್ವಯಾರ್ಜಿತದಲ್ಲಿ ಮಗಳಿಗೂ ಸಮಪಾಲೆಂದು ಹಿಂದೂ ಉತ್ತರಾಧಿಕಾರ ಕಾಯಿದೆ 1956ರಲ್ಲೇ ಹೇಳಿದೆ. ಸೊಸೈಟಿಯಲ್ಲಿ ನಾಮಿನಿ ತಾನೆಂದು ಅಣ್ಣ ಬೀಗುವುದು ಬೇಡ. ಮಹಾರಾಷ್ಟ್ರದ 2019ರ ತಿದ್ದುಪಡಿಯಂತೆ, ವಾರಸುದಾರರು ಸದಸ್ಯರಾಗುವವರೆಗೆ ಅವನು ತಾತ್ಕಾಲಿಕ ಸದಸ್ಯ ಅಷ್ಟೆ.

ಮೇಂಟೆನೆನ್ಸ್, ತೆರಿಗೆ, ರಿಪೇರಿ, ಓಡಾಟದ ಖರ್ಚು ಎಲ್ಲವನ್ನೂ ಅವನು ಬರೆದಿಟ್ಟು ಕಳೆಯಲಿ. ಉಳಿದದ್ದು ಪಾಲಾಗಲಿ, ಅಮ್ಮನಿದ್ದರೆ ಅವಳಿಗೂ ಸಮಪಾಲು.

ಊರಿನ ತಂಗಿಯರೇ, ಹಬ್ಬಕ್ಕೆ ಬಂದ ಅಣ್ಣ ಸೀರೆಯ ಜೊತೆ ಹಕ್ಕುಬಿಡುಗಡೆ ಪತ್ರವನ್ನೂ ತಂದರೆ, ಸೀರೆ ಇಟ್ಟುಕೊಳ್ಳಿ. ಲೆಕ್ಕ ನೋಡದೆ ಸಹಿ ಹಾಕಬೇಡಿ.