ಯಂತ್ರಕ್ಕೂ ಪಾಟೀಸವಾಲು ಇರಲಿ

ಕುಡಿದು ಗಾಡಿ ಓಡಿಸುವವರನ್ನು ಸಮರ್ಥಿಸಲು ನಾನು ಇದನ್ನು ಬರೆಯುತ್ತಿಲ್ಲ. ಯಾದಗಿರಿ, ಶಹಾಪುರ, ಸುರಪುರದ ನಡುವೆ ಬಸ್ಸು, ಬೈಕು, ಕ್ರೂಸರ್‌ಗಳಲ್ಲಿ ಓಡಾಡುವ ನಮಗೆ ಎದುರಿನ ಚಾಲಕ ಎಚ್ಚರದಿಂದ ಇರುವುದು ಜೀವದ ಪ್ರಶ್ನೆ. ಆದರೆ ಒಬ್ಬ ಕುಡಿದಿದ್ದ ಎಂದು ಕೋರ್ಟಿನಲ್ಲಿ ಸಾಬೀತಾಗುವುದು ಹೇಗೆ? ರಸಾಯನಶಾಸ್ತ್ರದಲ್ಲಿ ಬಿಎಸ್ಸಿ ಮುಗಿಸಿ ಕೆಲಸ ಹುಡುಕುತ್ತಿರುವ ನನ್ನನ್ನು ಈ ಪ್ರಶ್ನೆ ಕಾಡುತ್ತಿದೆ.

ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಬಾಡಿಗೆಗೆ ಟಂಟಂ ಓಡಿಸುವ ಹುಡುಗನಿಗೆ ಲೈಸೆನ್ಸ್ ಅಮಾನತಾದರೆ ಮನೆಯ ಒಲೆಯೇ ಆರುತ್ತದೆ.

ಉಸಿರು ಪರೀಕ್ಷಿಸುವ ಯಂತ್ರ ರಕ್ತವನ್ನು ಅಳೆಯುವುದಿಲ್ಲ. ಉಸಿರಿನಲ್ಲಿರುವ ಆಲ್ಕೋಹಾಲನ್ನು ಅಳೆದು, ಸಾಮಾನ್ಯವಾಗಿ 2100ರಿಂದ ಗುಣಿಸಿ, ರಕ್ತದ ಲೆಕ್ಕ ಕೊಡುತ್ತದೆ. ಈ ಅನುಪಾತ ಎಲ್ಲರ ದೇಹದಲ್ಲೂ ಒಂದೇ ಇರುವುದಿಲ್ಲ. ಮೌತ್‌ವಾಶ್‌ನಿಂದ ಬಾಯಿ ಮುಕ್ಕಳಿಸಿದ ಕೂಡಲೇ ಊದಿಸಿದರೆ ಅಂಕಿ ಏರುತ್ತದೆ. ಅದಕ್ಕೇ 15 ನಿಮಿಷ ಕಾಯಬೇಕು ಎನ್ನುತ್ತಾರೆ. ರಕ್ತ ತೆಗೆಯುವಾಗ ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಿದ್ದರೆ, ಮಾದರಿಗೆ ಸೋಡಿಯಂ ಫ್ಲೋರೈಡ್ ಹಾಕದೆ ಬಿಸಿಲಿನಲ್ಲಿ ಇಟ್ಟಿದ್ದರೆ ಫಲಿತಾಂಶ ಕೆಡಬಹುದು. ಯಂತ್ರವನ್ನು ಕೊನೆಯ ಸಲ ಯಾವಾಗ ಸರಿಹೊಂದಿಸಲಾಗಿತ್ತು? ಮಾದರಿಯ ಸೀಲು ಸರಿಯಿತ್ತೇ? ಇವನ್ನು ಕೋರ್ಟಿಗೆ ಬಿಡಿಸಿ ಹೇಳಬಲ್ಲವನೇ ತಜ್ಞ ಸಾಕ್ಷಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂ ಅಂಥವರ ಅಭಿಪ್ರಾಯಕ್ಕೆ ಬೆಲೆ ಕೊಡುತ್ತದೆ.

ಬೆಂಗಳೂರಿನಿಂದ ತಜ್ಞರನ್ನು ಕರೆಸಲು ನಮ್ಮ ಬಡ ಚಾಲಕರಿಗೆ ಎಲ್ಲಿಯ ದುಡ್ಡು ಎಂದು ನೀವು ಕೇಳಬಹುದು. ಕರೆಸಲೇಬೇಕೆಂದಿಲ್ಲ. ರಕ್ತ ತೆಗೆದ ವೈದ್ಯರೂ ತಜ್ಞರೇ, ವರದಿಗೆ ಸಹಿ ಹಾಕಿದ ಪ್ರಯೋಗಾಲಯದ ಅಧಿಕಾರಿಯೂ ತಜ್ಞರೇ. ಸರ್ಕಾರಿ ವಿಜ್ಞಾನಿಯ ವರದಿಯನ್ನು ಅವರು ಬಾರದೆಯೂ ಸಾಕ್ಷ್ಯವಾಗಿ ಬಳಸಬಹುದು ನಿಜ. ಆದರೆ ಬೇಕೆನಿಸಿದರೆ ಅವರನ್ನು ಕರೆಸಿ ವಿಚಾರಿಸುವ ಅಧಿಕಾರ ಕೋರ್ಟಿಗಿದೆ. ಅದನ್ನು ಕೇಳುವ ವಕೀಲರು ಬೇಕು, ಅಷ್ಟೆ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಮತ್ತು ಕಡಿಮೆ ಆದಾಯದವರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಇದು ಗೊತ್ತಿಲ್ಲದೆ, ಕೋರ್ಟಿಗೆ ಅಲೆಯುವುದು ಬೇಡವೆಂದು ತಪ್ಪೊಪ್ಪಿಕೊಂಡು ದಂಡ ಕಟ್ಟುವುದು ಸುಲಭವೆನಿಸುತ್ತದೆ.

ಹೀಗಾದರೆ ಕುಡುಕರೆಲ್ಲ ಪಾರಾಗುವುದಿಲ್ಲವೇ? ನನಗೆ ಹಾಗನಿಸುವುದಿಲ್ಲ. ಸರಿಯಾಗಿ ಮಾಡಿದ ಪರೀಕ್ಷೆ ಎಷ್ಟು ಪಾಟೀಸವಾಲು ಹಾಕಿದರೂ ನಿಲ್ಲುತ್ತದೆ. ನಿಜವಾದ ತಪ್ಪಿತಸ್ಥ ಪಾರಾಗುವುದು ಅರೆಬರೆ ತನಿಖೆಯಿಂದ. 1971ರಲ್ಲಿ ಬಚುಭಾಯಿ ಹಸನಲ್ಲಿ ಕರ್ಯಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ರಕ್ತ ಅಥವಾ ಮೂತ್ರ ಪರೀಕ್ಷೆ ಇಲ್ಲದೆ, ಬಾಯಿಯ ವಾಸನೆ, ತೂರಾಟ, ತೊದಲು ಮಾತು ಇಷ್ಟರಿಂದಲೇ ಮದ್ಯ ಸೇವಿಸಿದ್ದ ಎಂದು ತೀರ್ಮಾನಿಸಲಾಗದು ಎಂದಿತು. ಪರೀಕ್ಷೆ ಕೆಟ್ಟರೆ ನಿರಪರಾಧಿಗೆ ಶಿಕ್ಷೆಯಾಗಬಹುದು. ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ನ್ಯಾಯವೂ ತಪ್ಪಬಹುದು. ತಜ್ಞನ ಋಣ ಫೀಸು ಕೊಟ್ಟವರಿಗಲ್ಲ, ಸತ್ಯಕ್ಕೆ.

ಗೆಳೆಯರೇ, ಇಲ್ಲಿ ನಮಗೂ ದಾರಿಯಿದೆ. ಕಲಬುರಗಿಯಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವಿದೆ, ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಬಂದಿದೆ. ವಿಜ್ಞಾನ ಓದಿದವರು ಶಿಕ್ಷಕರ ನೇಮಕಾತಿಯನ್ನಷ್ಟೇ ಕಾಯಬೇಕಿಲ್ಲ. ಕಾನೂನು ಓದುವವರು ಸ್ವಲ್ಪ ರಸಾಯನಶಾಸ್ತ್ರವನ್ನೂ, ರಸಾಯನಶಾಸ್ತ್ರ ಓದುವವರು ಸ್ವಲ್ಪ ಕಾನೂನನ್ನೂ ತಿಳಿದುಕೊಳ್ಳಲಿ. ಆಗ ಸುರಪುರ, ಶಹಾಪುರದ ಕೋರ್ಟುಗಳಲ್ಲೂ ಯಂತ್ರ ತೋರಿಸಿದ ಅಂಕಿಯನ್ನು ಯಾರೂ ಕಣ್ಣು ಮುಚ್ಚಿ ನಂಬುವುದಿಲ್ಲ, ಸುಮ್ಮಸುಮ್ಮನೆ ತಳ್ಳಿಹಾಕುವುದೂ ಇಲ್ಲ.