ಅಪ್ಪನ ಜೊತೆ ಗೋಳಗುಮ್ಮಟ

ಗೆಳೆಯರ ಜೊತೆ ಎರಡು ಸಲ ವಿಜಯಪುರ ನೋಡಿದ್ದೆ. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಿ, ಸೆಲ್ಫಿ ತೆಗೆದು ಬಂದದ್ದಷ್ಟೇ. ಈ ಸಲ ಗಾರೆ ಕೆಲಸದ ಅಪ್ಪನನ್ನು ಕರೆದೊಯ್ದೆ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಸಮಾಧಿಯೊಳಗೆ ನಿಂತು ಅಪ್ಪ ಕೇಳಿದರು: ‘ನಡುವೆ ಒಂದೂ ಕಂಬವಿಲ್ಲ, ಭಾರ ಎಲ್ಲಿಗೆ ಹೋಗುತ್ತೆ?’ ಸಿವಿಲ್ ಓದುವ ನಾನು ತಬ್ಬಿಬ್ಬಾದೆ. ಒಂದನ್ನೊಂದು ಹಾಯುವ ಎಂಟು ಕಮಾನುಗಳು ಭಾರವನ್ನು ಗೋಡೆಗೆ ಇಳಿಸುವುದನ್ನು ಬೆರಳಿಟ್ಟು ತೋರಿಸಿದ್ದು ಅವರೇ.

ಕಾಲೇಜಿನಲ್ಲಿ ಯಾರಾದರೂ ಕೇಳಿದರೆ ಅಪ್ಪ ‘ಕಂಟ್ರಾಕ್ಟರ್’ ಎನ್ನುತ್ತಿದ್ದೆ. ಅಂದು ನನ್ನ ಬಗ್ಗೆಯೇ ನಾಚಿಕೆಯಾಯಿತು. ಪ್ರವಾಸವೆಂದರೆ ಗೆಳೆಯರೇ ಬೇಕು ಎನ್ನುವ ನಾವು, ಒಮ್ಮೆಯಾದರೂ ಹೆತ್ತವರ ಜೊತೆ, ಅವರ ನಡಿಗೆಯಲ್ಲೇ ಊರು ನೋಡಬೇಕು. ಈಗ ಕೇಳಿದವರಿಗೆಲ್ಲ ಹೇಳುತ್ತೇನೆ, ನಮ್ಮಪ್ಪ ಗಾರೆ ಮೇಸ್ತ್ರಿ.