ಕೇಬಲ್ ಯಾರದ್ದಾದರೂ ಆಗಲಿ, ಕೊಳವೆ ಊರಿನದ್ದಾಗಲಿ

2019ರ ಏಪ್ರಿಲ್‌ನಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದಿಂದ ಗೂಗಲ್ ಫೈಬರ್ ಎಂಬ ಇಂಟರ್‌ನೆಟ್ ಕಂಪನಿ ಗಂಟುಮೂಟೆ ಕಟ್ಟಿತು. ಸೇವೆ ಶುರುವಾಗಿ ಎರಡು ವರ್ಷವೂ ತುಂಬಿರಲಿಲ್ಲ. ಕೆಲಸ ಬೇಗ ಮುಗಿಯಲಿ, ಖರ್ಚೂ ಉಳಿಯಲಿ ಎಂದು ಕಂಪನಿ ಅಲ್ಲಿನ ಬಡಾವಣೆಗಳ ರಸ್ತೆಗಳಲ್ಲಿ ಬರೀ ಎರಡು ಅಂಗುಲ ಆಳದ ಸೀಳು ಕೊರೆದು, ಅದರಲ್ಲಿ ಕೇಬಲ್ ಕೂರಿಸಿ, ಮೇಲೆ ಅಂಟು ತುಂಬಿತ್ತು. ಸ್ವಲ್ಪ ದಿನಕ್ಕೇ ಅಂಟು ಕಿತ್ತು ಬಂತು, ಕೇಬಲ್ ಅಲ್ಲಲ್ಲಿ ರಸ್ತೆಯ ಮೇಲಕ್ಕೆದ್ದಿತು. ಎಲ್ಲವನ್ನೂ ಮತ್ತೆ ಹೊಸದಾಗಿ ಹಾಕುವುದಕ್ಕಿಂತ ಊರು ಬಿಡುವುದೇ ಲೇಸೆಂದು ಕಂಪನಿ ಲೆಕ್ಕ ಹಾಕಿತು. ಹೋಗುವಾಗ ಸೀಳು ತೆಗೆದು ರಸ್ತೆ ಸರಿಪಡಿಸುವ ವೆಚ್ಚವೆಂದು ನಗರಕ್ಕೆ 38.4 ಲಕ್ಷ ಡಾಲರ್ ಕೊಡಲು ಒಪ್ಪಿತು.

ಬೆಂಗಳೂರಿನಲ್ಲಿ ಕುಳಿತು ಇದನ್ನು ಓದುವವರಿಗೆ ಮೊದಲು ಹುಟ್ಟುವುದು ಅಸೂಯೆ. ರಸ್ತೆ ಕೆಡಿಸಿದವರು ದುಡ್ಡು ಕಟ್ಟಿ ಹೋದರಂತೆ! ನಮ್ಮಲ್ಲಿ ಹೊಸ ಡಾಂಬರಿನ ವಾಸನೆ ಆರುವ ಮೊದಲೇ ಯಾರೋ ಬಂದು ಅಗೆಯುತ್ತಾರೆ. ಯಾರ ಕೆಲಸವೆಂದು ಕೇಳಿದರೆ ಅಗೆಯುವವನಿಗೂ ಗೊತ್ತಿರುವುದಿಲ್ಲ, ವಾರ್ಡ್ ಎಂಜಿನಿಯರಿಗೂ ಗೊತ್ತಿರುವುದಿಲ್ಲ. ಮುಚ್ಚಿದ ಶಾಸ್ತ್ರ ಮಾಡಿದ ಮಣ್ಣು ಮೊದಲ ಮಳೆಗೆ ಕುಸಿಯುತ್ತದೆ. ಆ ಗುಂಡಿಯಲ್ಲಿ ಸೊಂಟ ಉಳುಕಿಸಿಕೊಂಡು ಮನೆ ಸೇರಿದವರು ಒಂದು ಗಿಗಾಬಿಟ್ ವೇಗದಲ್ಲಿ ಸಿನಿಮಾ ನೋಡುತ್ತಾರೆ.

ಲೂಯಿವಿಲ್ ಪ್ರಕರಣದಿಂದ ಬಹಳ ಮಂದಿ ಕಲಿತ ಪಾಠ ‘ಇನ್ನಷ್ಟು ಆಳ ಅಗೆಯಬೇಕಿತ್ತು’ ಎಂಬುದು. ನನಗೆ ಕಾಣುವ ಪಾಠವೇ ಬೇರೆ. ಆ ಕಂಪನಿಗೆ ನೆಲದೊಳಗೆ ಸಿದ್ಧ ಕೊಳವೆ ಸಿಗಲಿಲ್ಲ. ಕಂಬದ ಮೇಲೆ ಎಳೆಯೋಣವೆಂದರೆ, ಹೊಸಬರಿಗೆ ಕಂಬ ಸುಲಭವಾಗಿ ಸಿಗಲೆಂದು ನಗರ ಮಾಡಿದ ನಿಯಮದ ವಿರುದ್ಧ ಹಳೆಯ ಕಂಪನಿ ಕೋರ್ಟಿಗೆ ಹೋಗಿತ್ತು. ಒಳಗೂ ಜಾಗವಿಲ್ಲದೆ ಮೇಲೂ ಜಾಗವಿಲ್ಲದೆ ಅದು ಅಡ್ಡದಾರಿ ಹಿಡಿಯಿತು. ರಸ್ತೆಯಡಿಯ ಕೊಳವೆಯನ್ನು ಊರೇ ಒಮ್ಮೆ ಹೂತು, ಬಂದ ಕಂಪನಿಗಳಿಗೆಲ್ಲ ಬಾಡಿಗೆಗೆ ಕೊಡಬೇಕು ಎಂಬುದು ನನ್ನ ವಾದ. ರಸ್ತೆ ಯಾರದ್ದೋ ಕೊಳವೆಯೂ ಅವರದ್ದೇ ಆಗಿರಬೇಕು. ಕೇಬಲ್ ಮಾತ್ರ ಕಂಪನಿಯದ್ದು.

ಇದೇಕೆ ಸಾಧ್ಯ ಎಂಬುದು ಕೇಬಲ್ಲಿನ ಒಳಗನ್ನು ನೋಡಿದರೆ ತಿಳಿಯುತ್ತದೆ. ಬೆಳಕು ಹರಿಯುವ ಗಾಜಿನ ಎಳೆಯ ದಪ್ಪ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಮನೆಮನೆಗೆ ಸಂಪರ್ಕ ಕೊಡುವ ಈಗಿನ ವ್ಯವಸ್ಥೆಯಲ್ಲಿ ಅಂಥ ಒಂದೇ ಎಳೆ 32 ಅಥವಾ 64 ಮನೆಗಳಿಗೆ ಹಂಚಿಕೆಯಾಗುತ್ತದೆ. ಇನ್ನೂರು ಮನೆಗಳ ಅಡ್ಡರಸ್ತೆಗೆ ಒಂದು ಕಂಪನಿಗೆ ಬೇಕಾಗುವುದು ಬೆರಳೆಣಿಕೆಯ ಎಳೆಗಳು. ಐದಾರು ಕಂಪನಿಗಳ ಕೇಬಲ್‌ಗಳೂ ಒಂದು ಸಾಧಾರಣ ಪ್ಲಾಸ್ಟಿಕ್ ಕೊಳವೆಯ ಗೊಂಚಲಿನಲ್ಲಿ ಆರಾಮವಾಗಿ ಹಿಡಿಸುತ್ತವೆ. ಆದರೆ ಐದು ಕಂಪನಿಗಳು ಐದು ಸಲ ಬಂದು ಐದು ಕಾಲುವೆ ತೋಡುತ್ತವೆ. ಇಡೀ ಕಾಮಗಾರಿಯಲ್ಲಿ ಗಾಜಿನ ಬೆಲೆ ಅಲ್ಪ. ದುಡ್ಡಿನ ಬಹುಪಾಲು ಹೋಗುವುದು ಅಗೆಯುವುದಕ್ಕೆ, ಮುಚ್ಚುವುದಕ್ಕೆ, ಅನುಮತಿಗಾಗಿ ಅಲೆಯುವುದಕ್ಕೆ. ಅನುಮತಿಯ ಬಾಬತ್ತಿನಲ್ಲಿ ರಸೀದಿ ಇಲ್ಲದ ಖರ್ಚೂ ಇರುತ್ತದೆಂದು ಗುತ್ತಿಗೆದಾರರು ಖಾಸಗಿಯಾಗಿ ಹೇಳುತ್ತಾರೆ. ಅದನ್ನು ಯಾವ ತಖ್ತೆಯಲ್ಲೂ ಬರೆಯುವಂತಿಲ್ಲ.

ಕಾಲುವೆ ತೋಡದೆ, ಒಂದು ಗುಂಡಿಯಿಂದ ಇನ್ನೊಂದು ಗುಂಡಿಗೆ ನೆಲದೊಳಗೇ ಅಡ್ಡಡ್ಡಲಾಗಿ ಕೊರೆಯುವ ಯಂತ್ರಗಳು ಬಂದು ವರ್ಷಗಳಾದವು. ಮೇಲಿನ ಡಾಂಬರು ಉಳಿಯುತ್ತದೆ ನಿಜ. ಕೆಳಗೆ ಏನಿದೆಯೆಂದು ಆ ಯಂತ್ರಕ್ಕೆ ಕಾಣುವುದಿಲ್ಲ. ಜಲಮಂಡಳಿಯ ನೀರಿನ ಪೈಪು, ಒಳಚರಂಡಿ, ಬೆಸ್ಕಾಂ ಕೇಬಲ್, ಗ್ಯಾಸ್ ಕೊಳವೆ ಎಲ್ಲವೂ ಒಂದೇ ಪಟ್ಟಿಯಲ್ಲಿ ಮಲಗಿವೆ. ಹಳೆಯ ಬಡಾವಣೆಗಳಲ್ಲಿ ಅವುಗಳ ನಕಾಶೆ ಇರುವುದು ಹಳೆಯ ಲೈನ್‌ಮನ್‌ಗಳ ತಲೆಯಲ್ಲಿ. ಚರಂಡಿ ಪೈಪಿನ ನಡುವೆಯೇ ಕೇಬಲ್ ತೂರಿ, ತಿಂಗಳುಗಳ ಮೇಲೆ ಮ್ಯಾನ್‌ಹೋಲ್ ಉಕ್ಕಿ ಹರಿದಾಗ ಮಾತ್ರ ವಿಷಯ ಬೆಳಕಿಗೆ ಬರುವುದು ಮಾಮೂಲು. ತಿರುಗುಮುರುಗೂ ಆಗುತ್ತದೆ: ನೀರಿನ ಪೈಪಿಗೆ ಬಂದ ಜೆಸಿಬಿ ಇಡೀ ಬಡಾವಣೆಯ ಇಂಟರ್‌ನೆಟ್ ಕಡಿದು ಹಾಕುತ್ತದೆ. ಅಗೆಯುವ ಮೊದಲು ಕೆಳಗಿನ ಆಸ್ತಿಯವರಿಗೆ ಸುದ್ದಿ ಮುಟ್ಟಿಸಲೆಂದು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಿಟ್ಟಾಗ, ಹೊಂದಾಣಿಕೆಯಿಲ್ಲದ ಅಗೆತದಿಂದ ದೇಶಕ್ಕೆ ವರ್ಷಕ್ಕೆ ಸುಮಾರು ₹3,000 ಕೋಟಿ ನಷ್ಟವೆಂದು ತಾನೇ ಅಂದಾಜು ಕೊಟ್ಟಿತ್ತು. ಆ್ಯಪ್ ಒಳ್ಳೆಯದೇ. ಆದರೆ ಅದು ಅಗೆತವನ್ನು ತಿಳಿಸುತ್ತದೆಯೇ ಹೊರತು ತಪ್ಪಿಸುವುದಿಲ್ಲ.

ಕಾನೂನು ಕಳೆದೊಂದು ದಶಕದಲ್ಲಿ ಕಂಪನಿಗಳ ಕಡೆಗೇ ವಾಲಿದೆ. 2016ರ ನವೆಂಬರ್‌ನಲ್ಲಿ ಬಂದ ಮಾರ್ಗಾಧಿಕಾರ (ರೈಟ್ ಆಫ್ ವೇ) ನಿಯಮಗಳು ಸ್ಥಳೀಯ ಸಂಸ್ಥೆಗಳು 60 ದಿನದೊಳಗೆ ಅರ್ಜಿ ಇತ್ಯರ್ಥ ಮಾಡಬೇಕು, ಮಾಡದಿದ್ದರೆ ಒಪ್ಪಿಗೆ ಸಿಕ್ಕಂತೆ ಎಂದವು. ರಸ್ತೆ ದುರಸ್ತಿಯ ವೆಚ್ಚ ಬೇರೆ. ಅದನ್ನು ಬಿಟ್ಟರೆ ಆಡಳಿತ ಶುಲ್ಕವಾಗಿ ಕಿಲೋಮೀಟರಿಗೆ ₹1,000 ಮೀರಿ ವಸೂಲು ಮಾಡುವಂತಿರಲಿಲ್ಲ. 2023ರ ದೂರಸಂಪರ್ಕ ಕಾಯ್ದೆ, 2025ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಮಾರ್ಗಾಧಿಕಾರ ನಿಯಮಗಳು ಅದೇ ಹಾದಿಯಲ್ಲಿ ಇನ್ನಷ್ಟು ಮುಂದೆ ಹೋಗಿವೆ. ನೆಲದಲ್ಲಿ ಹೂತ ಜಾಲವನ್ನು ಆ ಆಸ್ತಿಯ ಭಾಗವೆಂದು ಎಣಿಸಿ ಆಸ್ತಿ ತೆರಿಗೆ ಹಾಕುವಂತೆಯೂ ಇಲ್ಲ.

ಪಾಲಿಕೆಗಳು ಹಿಂದೆ ಮನಸ್ಸಿಗೆ ಬಂದ ದರ ವಿಧಿಸಿ ಅರ್ಜಿಗಳನ್ನು ವರ್ಷಗಟ್ಟಲೆ ಕೊಳೆಹಾಕುತ್ತಿದ್ದವು, ಆದ್ದರಿಂದ ದೆಹಲಿಯವರ ಕೋಪಕ್ಕೆ ಅರ್ಥವಿದೆ. ಆದರೂ ಫಲಿತಾಂಶ ವಿಚಿತ್ರವಾಗಿದೆ: ರಸ್ತೆ ಹದಗೆಟ್ಟರೆ ಬೈಗುಳ ತಿನ್ನುವವರು ಸ್ಥಳೀಯರು, ಆ ರಸ್ತೆಯಡಿ ಯಾರಿಗೆ ಎಷ್ಟು ಅಗ್ಗವಾಗಿ ಜಾಗ ಸಿಗಬೇಕೆಂದು ತೀರ್ಮಾನಿಸುವವರು ಬೇರೆ.

ಆದರೆ ಅದೇ 2023ರ ಕಾಯ್ದೆಯಲ್ಲಿ ಒಂದು ಬಾಗಿಲೂ ಇದೆ. ಅದರ 15ನೇ ಸೆಕ್ಷನ್ ಮೂಲಸೌಕರ್ಯ ಯೋಜನೆಗಳಲ್ಲಿ ಸಾಮಾನ್ಯ ಡಕ್ಟ್‌ಗಳ, ಕೇಬಲ್ ಕಾರಿಡಾರ್‌ಗಳ ಮಾತಾಡುತ್ತದೆ, ಅವು ಎಲ್ಲ ಕಂಪನಿಗಳಿಗೂ ಮುಕ್ತವಾಗಿ ಸಿಗಬೇಕೆನ್ನುತ್ತದೆ. ಅಗೆಯುವ ಅನುಮತಿಯ ಶುಲ್ಕಕ್ಕೆ ಮಿತಿ ಹಾಕಬಹುದು. ಊರು ತನ್ನ ಖರ್ಚಿನಲ್ಲಿ ಕಟ್ಟಿದ ಕೊಳವೆಯ ಬಾಡಿಗೆ ಬೇರೆಯೇ ಲೆಕ್ಕ. ಹಣವಿಲ್ಲದ ಪಾಲಿಕೆಗಳು ಕಣ್ಣಿಡಬೇಕಾದದ್ದು ಇಲ್ಲಿ.

ಇದು ನಮಗೆ ಹೊಸದೂ ಅಲ್ಲ. ರೆಸಿಡೆನ್ಸಿ ರಸ್ತೆ, ವಿಠಲ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳನ್ನು ಹತ್ತು ವರ್ಷಗಳ ಹಿಂದೆ ಟೆಂಡರ್‌ಶ್ಯೂರ್ ಮಾದರಿಯಲ್ಲಿ ಕಟ್ಟಿದಾಗ ಪಾದಚಾರಿ ಮಾರ್ಗದಡಿ ನೀರು, ವಿದ್ಯುತ್, ಕೇಬಲ್‌ಗಳಿಗೆ ಪ್ರತ್ಯೇಕ ಹಾದಿ, ಅಲ್ಲಲ್ಲಿ ಚೇಂಬರ್ ಇಡಲಾಯಿತು. ದುಬಾರಿ ಎಂಬ ಟೀಕೆ ಆಗ ಜೋರಾಗಿತ್ತು. ನಾನು ಆ ಟೀಕೆಯನ್ನು ಒಪ್ಪುವುದಿಲ್ಲ, ಏಕೆಂದರೆ ಅಗ್ಗದ ರಸ್ತೆಯನ್ನು ನಾಲ್ಕು ಸಲ ಹಾಕಿದ ಲೆಕ್ಕವನ್ನು ಟೀಕಾಕಾರರು ಕೂಡಿಸಿರಲಿಲ್ಲ. ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲೂ ಬಿಡಿಎ ಭೂಗತ ಡಕ್ಟ್‌ಗಳ ಯೋಜನೆ ಮಾಡಿತು. ತುಮಕೂರು, ದಾವಣಗೆರೆಯಂಥ ಊರುಗಳ ಸ್ಮಾರ್ಟ್ ರಸ್ತೆಗಳಿಗೂ ಕೊಳವೆ ಬಿತ್ತು. ತೊಡಕು ಇರುವುದು ಕೊಳವೆ ಹೂತ ಮೇಲೆ. ಅದನ್ನು ಬಾಡಿಗೆಗೆ ಕೊಡುವ ಕಚೇರಿ ಯಾವುದು, ದರ ಎಷ್ಟು, ಒಳಗೆ ಹೂಳು ತುಂಬಿದರೆ ತೆಗೆಯುವವರು ಯಾರು? ಇದಕ್ಕೆ ಉತ್ತರವಿಲ್ಲದ ಕಡೆ ಡಕ್ಟ್ ಖಾಲಿ ಬಿದ್ದಿರುತ್ತದೆ, ಕೇಬಲ್ ಮಾತ್ರ ಮೇಲೆ ಹೊಂಗೆ ಮರದಿಂದ ಬೆಸ್ಕಾಂ ಕಂಬಕ್ಕೆ, ಕಂಬದಿಂದ ಇನ್ನೊಂದು ಮರಕ್ಕೆ ತೂಗುತ್ತಿರುತ್ತದೆ. ಕೊಳವೆ ಕಟ್ಟುವುದು ಎಂಜಿನಿಯರ್ ಕೆಲಸ, ನಡೆಸುವುದು ವ್ಯಾಪಾರ. ನಮ್ಮ ಪಾಲಿಕೆಗಳಿಗೆ ಮೊದಲನೆಯದು ತಕ್ಕಮಟ್ಟಿಗೆ ಗೊತ್ತು, ಎರಡನೆಯದು ಗೊತ್ತಿಲ್ಲ.

ಗೊತ್ತಿದ್ದ ಊರೊಂದಿದೆ. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರಾಡಳಿತ 1994ರಲ್ಲೇ ‘ಸ್ಟೋಕಾಬ್’ ಎಂಬ ತನ್ನದೇ ಕಂಪನಿ ಮಾಡಿತು. ಅದು ಯಾರಿಗೂ ಇಂಟರ್‌ನೆಟ್ ಮಾರುವುದಿಲ್ಲ. ನೆಲದಡಿ ಫೈಬರ್ ಹಾಕಿ, ಬೆಳಕು ಹಾಯಿಸದ ಬರೀ ಎಳೆಗಳನ್ನು ಎಲ್ಲ ಕಂಪನಿಗಳಿಗೂ ಒಂದೇ ನ್ಯಾಯದಲ್ಲಿ ಬಾಡಿಗೆಗೆ ಕೊಡುತ್ತದೆ. ಬೆಳಕು ಹಾಯಿಸುವುದು, ಗ್ರಾಹಕರನ್ನು ಹಿಡಿಯುವುದು, ದರಕ್ಕೆ ಪೈಪೋಟಿ ನಡೆಸುವುದು ಬಾಡಿಗೆದಾರರ ಪಾಡು. ನಗರ ಹೀಗೆ ಹೂಡಿದ ಹಣ ಹಿಂದಿರುಗಿದೆ, ಲಾಭವೂ ಬಂದಿದೆ. ಸಂತೆಮಾಳ ಪಂಚಾಯಿತಿಯದ್ದು, ಅಂಗಡಿ ವ್ಯಾಪಾರಿಯದ್ದು ಎಂಬ ನಮ್ಮ ಹಳ್ಳಿಗಳ ಹಳೆಯ ಏರ್ಪಾಡಿಗಿಂತ ಇದು ಬೇರೆಯಲ್ಲ.

ಇನ್ನು ವೈರ್‌ಲೆಸ್ ವಿಚಾರ. ವೈ–ಫೈ, 5ಜಿ ಬಂದ ಮೇಲೆ ಕೇಬಲ್ ಯಾಕೆ ಎಂದು ಕೇಳುವವರಿದ್ದಾರೆ. ಗಾಳಿಯಲ್ಲಿ ಹೋಗುವುದು ಕೊನೆಯ ಸ್ವಲ್ಪ ದೂರ ಮಾತ್ರ, ಉಳಿದ ದಾರಿಯ ಬಹುಪಾಲು ಗಾಜಿನದ್ದೇ. 5ಜಿ ತರಂಗಗಳಲ್ಲಿ ಆವರ್ತನ ಏರಿದಷ್ಟೂ ಎಟುಕುವ ದೂರ ಕುಗ್ಗುತ್ತದೆ. ಆದ್ದರಿಂದ ದೊಡ್ಡ ಟವರುಗಳ ನಡುವೆ ಬೀದಿಬೀದಿಗೂ ಸಣ್ಣ ಪೆಟ್ಟಿಗೆಗಳು ಬೇಕಾಗುತ್ತವೆ, ಒಂದೊಂದು ಪೆಟ್ಟಿಗೆಯ ಬುಡಕ್ಕೂ ಫೈಬರ್ ಬೇಕಾಗುತ್ತದೆ. ವೈರ್‌ಲೆಸ್ ಹೆಚ್ಚಿದಂತೆ ಅಗೆತ ಹೆಚ್ಚುತ್ತದೆ.

ಆ ಪೆಟ್ಟಿಗೆಗಳನ್ನೂ ರಸ್ತೆಯಡಿಯೇ ಇಟ್ಟರಾಯಿತಲ್ಲ ಎಂಬ ಆಲೋಚನೆ ಹೊರಗೆ ಪ್ರಯೋಗವಾಗಿದೆ. ಇಂಗ್ಲೆಂಡಿನ ಚೆಶಮ್ ಎಂಬ ಪುಟ್ಟ ಪಟ್ಟಣದಲ್ಲಿ ವರ್ಜಿನ್ ಮೀಡಿಯಾ ಕಂಪನಿ 2015ರಲ್ಲಿ ಪಾದಚಾರಿ ಮಾರ್ಗದ ಅಡಿಯಲ್ಲೇ ವೈ–ಫೈ ಪೆಟ್ಟಿಗೆ ಕೂರಿಸಿತು. ಕಬ್ಬಿಣ ತರಂಗವನ್ನು ತಡೆಯುತ್ತದೆಂದು ಮುಚ್ಚಳವನ್ನು ರಾಳದಿಂದ ಮಾಡಿತ್ತು. ಜಪಾನಿನ ಡೊಕೊಮೊ ಕಂಪನಿ 2018ರಲ್ಲಿ ಮ್ಯಾನ್‌ಹೋಲ್‌ನೊಳಗಿನ ಮೊಬೈಲ್ ಕೇಂದ್ರವನ್ನು ಪರಿಚಯಿಸಿತು. ಕಟ್ಟಡದ ನೆತ್ತಿ ಸಿಗದ, ನೋಟ ಕೆಡಬಾರದ ತಾಣಗಳಿಗೆ ಅದು. ಹಂಪಿಯ ವಿರೂಪಾಕ್ಷ ಬೀದಿಯಂಥ ಕಡೆ ಈ ಉಪಾಯ ಯೋಚಿಸಬಹುದು. ಆದರೆ ಬಡಾವಣೆಯ ರಸ್ತೆಗೆ ಬೇಡವೇ ಬೇಡ. ತರಂಗಗಳಿಗೆ ನೀರೆಂದರೆ ಆಗದು, ನಮ್ಮ ಚೇಂಬರ್‌ಗಳು ಜೂನ್‌ನಿಂದ ಅಕ್ಟೋಬರ್‌ವರೆಗೆ ಬಾವಿಗಳು. ಮುಚ್ಚಳದ ಮೇಲೆ ಯಾರಾದರೂ ಕಾರು ನಿಲ್ಲಿಸಿದರೆ ಮುಗಿಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಗಾಜಿನ ಎಳೆಗೆ ವಿದ್ಯುತ್ ಬೇಡ, ವೈ–ಫೈ ಪೆಟ್ಟಿಗೆಗೆ ಬೇಕು. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಹೋಪ್ ಫಾರಂ ಬಳಿ ಪಾದಚಾರಿ ಮಾರ್ಗದಲ್ಲಿ ಬಿದ್ದಿದ್ದ ತಂತಿ ತುಳಿದು ತಾಯಿ, ಮಗು ಸತ್ತ ಊರಿದು. ನೀರು ನಿಲ್ಲುವ ಗುಂಡಿಯೊಳಗೆ ನಾವಾಗಿಯೇ ಕರೆಂಟು ಇಳಿಸಬಾರದು. ಫೈಬರ್ ಕೆಳಗಿರಲಿ, ಪೆಟ್ಟಿಗೆ ಬೀದಿದೀಪದ ಕಂಬದ ಮೇಲಿರಲಿ. ಅಂಥ ಕಂಬಕ್ಕೆ ಕೇಂದ್ರದ 2022ರ ತಿದ್ದುಪಡಿ ಗೊತ್ತುಮಾಡಿದ ದರ ನಗರಗಳಲ್ಲಿ ವರ್ಷಕ್ಕೆ ₹300 ಆಗಿತ್ತು, ಎರಡು ಮಸಾಲೆ ದೋಸೆಯ ಆಸುಪಾಸು.

ಸಾರ್ವಜನಿಕ ವೈ–ಫೈನ ಕಥೆಯನ್ನು ಉದ್ದ ಮಾಡುವುದಿಲ್ಲ. 2014ರಲ್ಲಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ ಸದ್ದುಮಾಡಿ ಶುರುವಾದ ‘ನಮ್ಮ ವೈ–ಫೈ’ ಕೆಲವೇ ವರ್ಷಗಳಲ್ಲಿ ಸೊರಗಿತು. 2022ರೊಳಗೆ ದೇಶದಲ್ಲಿ ಒಂದು ಕೋಟಿ ವೈ–ಫೈ ತಾಣಗಳಾಗಬೇಕೆಂದು 2018ರ ರಾಷ್ಟ್ರೀಯ ನೀತಿ ಬರೆದುಕೊಂಡಿತ್ತು. ಕೇಂದ್ರದ ಸಾರ್ವಜನಿಕ ವೈ–ಫೈ ಯೋಜನೆಯಾದ ಪಿಎಂ–ವಾಣಿಯ ತಾಣಗಳು 2024ರ ಕೊನೆಗೂ ಮೂರು ಲಕ್ಷ ಮುಟ್ಟಿರಲಿಲ್ಲ. ಅಗ್ಗದ ಫೈಬರ್ ಬುಡಕ್ಕೆ ಬಾರದೆ ಕಿರಾಣಿ ಅಂಗಡಿಯವನು ಹತ್ತು ರೂಪಾಯಿಗೆ ವೈ–ಫೈ ಮಾರಲಾರ.

ಕೊಳವೆ ಊರಿನದ್ದಾಗಲಿ ಎಂದರೆ ಕಂಪನಿಗಳು ಎತ್ತುವ ಆಕ್ಷೇಪ ಹಗುರವಾದದ್ದಲ್ಲ. ಹತ್ತು ಕಂಪನಿಗಳ ಕೇಬಲ್ ಒಂದೇ ಚೇಂಬರಿನಲ್ಲಿದ್ದರೆ ಒಬ್ಬರ ಕೆಲಸಗಾರ ಇನ್ನೊಬ್ಬರದ್ದನ್ನು ಕತ್ತರಿಸುತ್ತಾನೆ. ಚೇಂಬರಿನ ಬೀಗದ ಕೈ ಪಾಲಿಕೆಯ ಬಳಿಯಿದ್ದರೆ ಭಾನುವಾರ ರಾತ್ರಿ ಆಸ್ಪತ್ರೆಯ ಸಂಪರ್ಕ ಕಡಿದಾಗ ತೆರೆಯುವವರು ಯಾರು? ಒಂದು ಕೊಳವೆಗೆ ಪೆಟ್ಟು ಬಿದ್ದರೆ ಎಲ್ಲರ ಸೇವೆಯೂ ಒಟ್ಟಿಗೆ ನಿಲ್ಲುತ್ತದೆ. ಇವೆಲ್ಲ ನಿಜ. ಕಂಪನಿಗೊಂದು ಒಳಕೊಳವೆ, ದಿನದ ಇಪ್ಪತ್ತನಾಲ್ಕು ಗಂಟೆಯೂ ದುರಸ್ತಿ ತಂಡ, ಮುಖ್ಯ ರಸ್ತೆಗಳಲ್ಲಿ ಎರಡು ಬದಿಗೂ ಹಾದಿ, ಇಷ್ಟಿಲ್ಲದೆ ಬಾಡಿಗೆ ಕೇಳುವ ಹಕ್ಕು ಊರಿಗಿಲ್ಲ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕೊಳವೆ ನಡೆಸುವ ಗುತ್ತಿಗೆಯನ್ನು ಒಂದೇ ಖಾಸಗಿ ಕಂಪನಿಗೆ ಮೂವತ್ತು ವರ್ಷಕ್ಕೆ ಬರೆದುಕೊಟ್ಟು ಕೈತೊಳೆದುಕೊಂಡರೆ ಈಗಿನ ಅರಾಜಕತೆಯೇ ವಾಸಿ ಎನಿಸೀತು. ದೊಡ್ಡವರು ಹೇಗೋ ಬದುಕುತ್ತಾರೆ. ಗಲ್ಲಿಯ ಕೇಬಲ್‌ನವರು, ಅಂದರೆ ಫೋನ್ ಮಾಡಿದ ಅರ್ಧ ಗಂಟೆಗೆ ಏಣಿ ಹೊತ್ತು ಬರುವ ಸಣ್ಣ ಉದ್ಯಮಿಗಳು, ಅಳಿದುಹೋಗುತ್ತಾರೆ. ಅವರ ಕೇಬಲ್ಲನ್ನು ಮರದಿಂದ ಕಿತ್ತು ಹಾಕುವ ಕಾರ್ಯಾಚರಣೆಗೆ ಮೊದಲು ಅವರಿಗೆ ಕೈಗೆಟಕುವ ಬಾಡಿಗೆಯಲ್ಲಿ ನೆಲದೊಳಗೆ ಜಾಗ ಕೊಡಬೇಕು.

2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು, ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ಕೇಬಲ್ಲಿಗೆ ಪಾಲಿಕೆಯ ಗಡಿ ತಿಳಿಯದು. ಐದು ಕಚೇರಿ, ಐದು ದರಪಟ್ಟಿ, ಐದು ನಕಾಶೆಗಳಾದರೆ ಕೆಲಸ ಕೆಟ್ಟಿತು. ನೆಲದಡಿಯ ಆಸ್ತಿಯ ದಾಖಲೆ, ಬಾಡಿಗೆ ದರ ಎರಡೂ ಪ್ರಾಧಿಕಾರದ ಮಟ್ಟದಲ್ಲೇ ಇರಬೇಕು, ಎರಡೂ ಸಾರ್ವಜನಿಕರಿಗೆ ಕಾಣಬೇಕು. ಇಡೀ ನಗರವನ್ನು ಈಗಲೇ ಅಗೆದು ಕೊಳವೆ ಹಾಕಿ ಎಂದು ಯಾರೂ ಹೇಳುತ್ತಿಲ್ಲ. ವೈಟ್ ಟಾಪಿಂಗ್‌ಗೆ, ಕಾವೇರಿ ಪೈಪಿಗೆ, ಒಳಚರಂಡಿಗೆ ರಸ್ತೆ ಹೇಗೂ ತೆರೆದಿರುತ್ತದೆ. ಆ ಹೊತ್ತಿಗೆ ಖಾಲಿ ಕೊಳವೆಯ ಗೊಂಚಲೊಂದನ್ನು ಇಳಿಸಿ, ಪ್ರತಿ ನಿವೇಶನದ ಗೇಟಿಗೂ ಒಂದು ಕವಲು ಬಿಟ್ಟು ಮುಚ್ಚಿದರೆ ಹೆಚ್ಚುವರಿ ಖರ್ಚು ಅತ್ಯಲ್ಪ. ಕವಲನ್ನು ಮರೆಯಬಾರದು. ಅಡ್ಡರಸ್ತೆಗಳು ಹಾಳಾಗುವುದು ಉದ್ದದ ಕಾಲುವೆಯಿಂದ ಎಷ್ಟೋ ಅಷ್ಟೇ ಮನೆಮನೆಗೆ ಅಡ್ಡ ಕತ್ತರಿಸುವ ಆ ಮೂವತ್ತು ಅಡಿಗಳಿಂದ. ಹೊಸ ಬಡಾವಣೆಗೆ ನೀರು, ಚರಂಡಿಯಂತೆ ಇದನ್ನೂ ಅನುಮೋದನೆಯ ಷರತ್ತಾಗಿಸಲು ಸರ್ಕಾರಕ್ಕೆ ಒಂದು ಆದೇಶ ಸಾಕು.

ಬೆಂಗಳೂರಿಗೆ ಸೇರಿದ 110 ಹಳ್ಳಿಗಳ ಭಾಗದಲ್ಲಿ ನೀರಿಗಾಗಿ, ಒಳಚರಂಡಿಗಾಗಿ ವರ್ಷಗಟ್ಟಲೆ ಅಗೆದು ಮುಚ್ಚಿದ ರಸ್ತೆಗಳಲ್ಲಿ ಈ ಅವಕಾಶ ಬಹುಮಟ್ಟಿಗೆ ಕೈತಪ್ಪಿತು. ಉಳಿದ ಕಡೆ ತಪ್ಪಬಾರದೆಂದರೆ ನಾಗರಿಕರೂ ಬಾಯಿ ಬಿಡಬೇಕು. ನಿಮ್ಮ ಅಡ್ಡರಸ್ತೆಗೆ ಮುಂದಿನ ಸಲ ಡಾಂಬರು ಹಾಕುವ ಸುದ್ದಿ ಬಂದಾಗ ಕಾಮಗಾರಿಯ ಅಂದಾಜು ಪಟ್ಟಿ ತೋರಿಸಲು ಎಂಜಿನಿಯರನ್ನು ಕೇಳಿ. ಅದರಲ್ಲಿ ಕೊಳವೆ ಇಲ್ಲದಿದ್ದರೆ, ಡಾಂಬರಿಗೆ ಮುಂಚೆಯೇ ವಾರ್ಡ್ ಸಮಿತಿಗೆ ಲಿಖಿತ ಆಕ್ಷೇಪಣೆ ಕೊಡಿ.